ಜಿಮ್ ಸಾಹೇಬರ ಮುಯ್ಯಿ

ನ್ಯಾಮತಿ, ೭ ಜನವರಿ ೧೯೮೫, ಸೋಮವಾರ

ಈ ಡೈರಿ ನಮ್ಮ ಯಜಮಾನರದು. ಗೊಬ್ಬರದ ಅಂಗಡಿಯವರು ಪ್ರತಿ ವರ್ಷ ಕೊಡುತ್ತಾರೆ. ಮಳೆ ಯಾವಾಗ ಬಿತ್ತು, ಯಾವ ಎಮ್ಮೆ ಈಯಿತು ಎಂದು ಇವರು ಬರೆದಿಡುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಲಕ್ವ ಹೊಡೆದು ಇವರ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಖಾಲಿ ಡೈರಿ ಕಂಡು ಕಣ್ಣು ತುಂಬಿಕೊಂಡರು. ನಾನು ಬರೆಯುತ್ತೇನೆ ಬಿಡಿ ಎಂದು ಎತ್ತಿಕೊಂಡೆ. ನಾನೂ ಹೊನ್ನಾಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳೇ.

ಬರೆಯುವುದಕ್ಕೆ ಒಳ್ಳೆಯ ಸುದ್ದಿ ಮಾತ್ರ ಇಲ್ಲ. ಬಿಳಿಜೋಳ ಒಣಗಿ ನಿಂತಿದೆ. ಇನ್ನು ಹದಿನೈದು ದಿನ ಬಿಟ್ಟರೆ ಹಕ್ಕಿಗೆ ಅರ್ಧ, ನೆಲಕ್ಕೆ ಅರ್ಧ. ಪಕ್ಕದ ಮನೆಯ ಚೌಡಮ್ಮ ಬೆಳಿಗ್ಗೆ ಬಂದು, ಯಾವತ್ತು ಬರೋಣ ಹೇಳ್ರಿ ಎಂದು ಕೇಳಿದಳು. ಬರಬೇಡ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು.

ಏನು ಮಾಡಲಿ? ಮುಯ್ಯಿ ಅಂದರೆ ಆಳಿಗೆ ಆಳು. ಅವಳು ನನ್ನ ಹೊಲಕ್ಕೆ ಒಂದು ದಿನ ಬಂದರೆ ನನ್ನ ಮನೆಯಿಂದ ಒಬ್ಬರು ಅವಳ ಹೊಲಕ್ಕೆ ಒಂದು ದಿನ ಹೋಗಬೇಕು. ಇವರನ್ನು ಹಾಸಿಗೆಯಲ್ಲಿ ಬಿಟ್ಟು ನಾನು ಯಾರ ಹೊಲಕ್ಕೆ ಹೋಗಲಿ? ಮಗಳು ಜಗಳೂರಿನಲ್ಲಿ ಹಸಿ ಬಾಣಂತಿ. ಕೂಲಿಗೆ ಕರೆಯೋಣವೆಂದರೆ ಕೊಯ್ಲಿನ ಕಾಲದಲ್ಲಿ ಯಾರ ಕೈಯೂ ಖಾಲಿ ಇಲ್ಲ. ತೀರಿಸಲಾಗದ್ದನ್ನು ಈ ಮನೆಯವರು ಇವತ್ತಿನವರೆಗೆ ಇಸಕೊಂಡಿಲ್ಲ. ನನ್ನ ಕಾಲದಲ್ಲಿ ಅದು ಶುರುವಾಗುವುದು ಬೇಡ.

೧೧ ಜನವರಿ

ಪೋಸ್ಟಾಫೀಸಿಗೆ ಟ್ರಂಕ್ ಕಾಲ್ ಬಂದಿದೆ ಎಂದು ಓಡಿಹೋದೆ. ಇಂಗ್ಲೆಂಡಿನಲ್ಲಿ ಡಾಕ್ಟರಾಗಿರುವ ಮೈದುನ ಬೆನಕಪ್ಪ. ಜಿಮ್ ಸಾಹೇಬರ ಹೆಂಡತಿ ಹೊರಟಿದ್ದಾರೆ ಅತ್ತಿಗೆ, ಮುಂದಿನ ವಾರ ನಿಮ್ಮ ಮನೆಗೆ ಬರುತ್ತಾರೆ, ಎಷ್ಟು ಹೇಳಿದರೂ ಕೇಳಲಿಲ್ಲ ಎಂದ.

ತಲೆ ಮೇಲೆ ಕೈ ಹೊತ್ತು ಕುಳಿತೆ. ಎರಡು ವರ್ಷದ ಹಿಂದೆ ಇವರು ತಮ್ಮನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದರು. ಸುಮ್ಮನೆ ಕೂರುವ ಜೀವವಲ್ಲ. ಮನೆ ಹಿಂದಿನ ಗುಡ್ಡದಲ್ಲಿ ದ್ರಾಕ್ಷಿ ಕೊಯ್ಲು ನಡೆದಿದ್ದು ಕಂಡು ತಾವೂ ಹೋಗಿ ನಿಂತು, ಕೊಯ್ಲು ಮುಗಿಯುವವರೆಗೆ ದುಡಿದರಂತೆ. ತೋಟದ ಯಜಮಾನ ಜಿಮ್ ಕೂಲಿ ಕೊಡಲು ಬಂದಾಗ, ಕೂಲಿ ಬೇಡ, ಇದು ಮುಯ್ಯಿ, ನೀವು ನಮ್ಮ ಜೋಳದ ಕೊಯ್ಲಿಗೆ ಬನ್ನಿ ಎಂದರಂತೆ. ಆತ ಕೈ ಕುಲುಕಿ ಒಪ್ಪಿಕೊಂಡರಂತೆ. ಊರಿಗೆ ಬಂದ ಮೇಲೆ ಇವರು ಈ ಕಥೆಯನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಜಿಮ್ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಇದ್ದರು. ಹೋದ ಸಲದ ದ್ರಾಕ್ಷಿ ಕೊಯ್ಲು ಮುಗಿದ ವಾರವೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಆ ಸುದ್ದಿ ಬಂದಾಗ ಇವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಮನಸ್ಸಿಗೆ ಧಕ್ಕೆಯಾಗುವಂಥದ್ದು ಏನೂ ಹೇಳಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಹೇಳಲಿಲ್ಲ. ಈಗ ಹೆಂಡತಿಯೇ ಬಂದು ಕೂತರೆ ಹೇಗೆ ಮುಚ್ಚಿಡಲಿ?

೧೭ ಜನವರಿ

ಆ ಹೆಂಗಸು ಬಂದರು. ಹೆಸರು ಡೊರೊತಿ. ಅರವತ್ತು ದಾಟಿದೆ. ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಮೊಣಕಾಲಿನವರೆಗೆ ರಬ್ಬರ್ ಬೂಟು. ಬಸ್ಸಿನಿಂದ ಇಳಿದಾಗ ಅರ್ಧ ಊರು ಹಿಂದೆ ಬಂತು.

ಇಂಗ್ಲಿಷಿನ ಕಷ್ಟ ಬೇಡವೆಂದು ಹೈಸ್ಕೂಲಿನ ಓಂಕಾರಪ್ಪ ಮೇಷ್ಟ್ರನ್ನು ಕರೆಸಿದ್ದೆ. ಬಾಗಿಲಲ್ಲೇ ನಿಲ್ಲಿಸಿ, ಜಿಮ್ ಹೋದದ್ದನ್ನು ಇವರ ಮುಂದೆ ಎತ್ತಬಾರದು ಎಂದು ಹೇಳಿಸಿದೆ. ಅವರು ಬೂಟು ಬಿಚ್ಚಿಟ್ಟರು. ಸುಳ್ಳು ಹೇಳಲಾರೆ, ಆದರೆ ಸುಮ್ಮನಿರಬಲ್ಲೆ ಎಂದರಂತೆ. ಒಳಗೆ ಹೋಗಿ ಇವರ ಎಡಗೈ ಹಿಡಿದುಕೊಂಡರು. ಇವರು ಅವರನ್ನು ದಾಟಿ ಬಾಗಿಲ ಕಡೆಗೇ ನೋಡುತ್ತಿದ್ದರು, ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು. ತೋಟದ ಕೆಲಸ ಇದೆಯಂತೆ, ಬರಲಾಗಲಿಲ್ಲವಂತೆ ಎಂದು ಸುಳ್ಳು ನಾನೇ ಹೇಳಿದೆ.

ಮಾಂಸ ತಿನ್ನುವ ಬಾಯಿ. ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದೇನೆ. ಊಟ ಪಡಸಾಲೆಯಲ್ಲಿ. ಅಡುಗೆ ಮನೆಗೆ ಬರುವುದು ಬೇಡ ಎಂದು ಮೇಷ್ಟ್ರಿಂದ ನಯವಾಗಿ ಹೇಳಿಸಿದೆ. ನಯವಾಗಿ ಹೇಳಿದರೋ ಇಲ್ಲವೋ ಗೊತ್ತಿಲ್ಲ, ಅವರು ತಲೆಯಾಡಿಸಿದರು.

೧೮ ಜನವರಿ

ಇವತ್ತು ನನ್ನ ಎದೆ ಒಡೆಯುವುದೊಂದು ಬಾಕಿ. ಆ ಹೆಂಗಸು ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಒಂದು ಬಾಟಲಿ ತೆಗೆದು ಇವರ ಮಂಚದ ಮೇಲಿಟ್ಟರು. ಇವರು ಕೊಯ್ದ ದ್ರಾಕ್ಷಿಯದೇ, ಇವರ ಪಾಲು ಎಂದು ಕೈಸನ್ನೆ ಮಾಡಿ ಹೇಳಿದರು. ಪಾನಕವೇನೋ ಎಂದುಕೊಂಡು ನಾನು ಕೈಮುಗಿದು ತೆಗೆದುಕೊಂಡೆ. ಇವರು ದುಡಿದ ಫಸಲಲ್ಲವೇ ಎಂದು ದೇವರ ಮುಂದೆ ಇಟ್ಟು ವಿಭೂತಿಯನ್ನೂ ಹಚ್ಚಿದೆ. ಸಂಜೆ ಮೇಷ್ಟ್ರು ಬಂದು ನೋಡಿ, ತಾಯಿ, ಇದು ವೈನು ಎಂದರು.

ಲಿಂಗ ಕಟ್ಟಿದ ಮನೆ. ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ಕೊಟ್ಟಿಗೆಗೆ ಹೋಗಿ ಗೂಡಿನಲ್ಲಿಟ್ಟು ಬಂದು ತಲೆ ಮೇಲೆ ನೀರು ಹುಯ್ದುಕೊಂಡೆ. ಇವರ ಮುಂದೆ ಬಂದು ನಿಂತು, ದ್ರಾಕ್ಷಿ ಕೊಯ್ದೆ ದ್ರಾಕ್ಷಿ ಕೊಯ್ದೆ ಅಂತ ಎರಡು ವರ್ಷ ಹೇಳಿದಿರಲ್ಲ, ಯಾತಕ್ಕೆ ಕೊಯ್ದೆ ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾತು ಹೋದವರು ಜಂತೆ ಎಣಿಸತೊಡಗಿದರು. ಮಾತಿದ್ದಿದ್ದರೂ ಅದನ್ನೇ ಮಾಡುತ್ತಿದ್ದರು.

ಅವರ ಸೀಮೆಯಲ್ಲಿ ಕೊಯ್ಲಿಗೆ ಬಂದವರಿಗೆ ಆ ವರ್ಷದ ವೈನಿನಲ್ಲಿ ಒಂದು ಬಾಟಲಿ ಎತ್ತಿಡುತ್ತಾರಂತೆ, ನಾವು ರಾಶಿಯಲ್ಲಿ ಒಂದು ಮೊರ ಜೋಳ ಕೊಡುವ ಹಾಗೆ. ಕಣದ ಪಾಲನ್ನು ಬೇಡ ಎನ್ನಬಾರದು, ಅದು ನಮ್ಮಲ್ಲೂ ಇದೆ. ಬಾಟಲಿ ಕೊಟ್ಟಿಗೆಯಲ್ಲೇ ಇರಲಿ.

೨೦ ಜನವರಿ

ಅವರು ಬಂದಿರುವುದು ಊರು ನೋಡಲಿಕ್ಕಲ್ಲವಂತೆ. ಬೆಳಿಗ್ಗೆ ಬೂಟು ಹಾಕಿಕೊಂಡು ಅಂಗಳದಲ್ಲಿ ನಿಂತು, ಹೊಲ ಎಲ್ಲಿ ಎಂದು ಕೇಳಿದರು. ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕು, ನಿಮ್ಮಲ್ಲಿ ಹಾಗೆ ಅಲ್ಲವೇ ಎಂದು ಮೇಷ್ಟ್ರಿಂದ ಕೇಳಿಸಿದರು. ಹೌದು, ನಮ್ಮಲ್ಲಿ ಹಾಗೆಯೇ. ಹೊಲದ ದಾರಿ ತೋರಿಸಿದೆ. ಇದು ಬರಬೇಕಾದ ಮುಯ್ಯಿ, ದಾನವಲ್ಲ.

ಹೊತ್ತು ಮುಳುಗುವವರೆಗೆ ಒಬ್ಬರೇ ಜೋಳ ಕಿತ್ತರು. ಅಷ್ಟು ಹೊತ್ತಿಗೆ ಚೌಡಮ್ಮ ಮೂರರಷ್ಟು ಕೀಳುತ್ತಾಳೆ. ಅಂಗೈ ತುಂಬಾ ಬೊಕ್ಕೆ. ಬಿಸಿನೀರು, ಅರಿಶಿನ ಕೊಟ್ಟೆ. ಒಳಗೊಳಗೆ ಸ್ವಲ್ಪ ಸಮಾಧಾನವೇ ಆಯಿತು.

೨೩ ಜನವರಿ

ನನ್ನನ್ನು ಕೇಳದೆ ಆ ಡೊರೊತಿ ಚೌಡಮ್ಮನ ಹೊಲಕ್ಕೆ ಹೋಗಿ ಇಡೀ ದಿನ ದುಡಿದು ಬಂದಿದ್ದಾರೆ. ನಮ್ಮ ಮನೆಗೆ ಬಂದವರನ್ನು ನಿನ್ನ ಹೊಲದಲ್ಲಿ ದುಡಿಸಿಕೊಂಡೆಯಲ್ಲ ಎಂದು ಚೌಡಮ್ಮನನ್ನು ಗೋಡೆಯಾಚೆಯಿಂದಲೇ ತರಾಟೆಗೆ ತೆಗೆದುಕೊಂಡೆ. ಅವಳು ಏಣಿ ಹತ್ತಿ ಗೋಡೆಯ ಮೇಲೆ ಮುಖ ತೋರಿಸಿದಳು.

"ಯಾಕ್ರೀ ರುದ್ರಾಣಕ್ಕ, ನಿಮ್ಮ ಮನೆಯಾಗೆ ಉಂಡು ನಿಮ್ಮ ಮನೆಯಾಗೆ ಮಲಗೋರು ನಿಮ್ಮ ಮನೆ ಆಳಲ್ವೇನು? ಒಂದಾಳು ನನ್ನ ಹೊಲಕ್ಕೆ ಬಂತು. ನಾಳೆ ನಾನು ನಿಮ್ಮ ಹೊಲಕ್ಕೆ ಬರ್ತೀನಿ. ಬರಬ್ಯಾಡ ಅನ್ನಾಕೆ ಈಗ ಹೆಂಗೆ ಬರ್ತೈತೆ ನೋಡಾನ."

ಹೇಗೂ ಬರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

೨೬ ಜನವರಿ

ಡೊರೊತಿ ಇವತ್ತು ಎದುರು ಮನೆಯ ಷಣ್ಮುಖಪ್ಪನವರ ಹೊಲಕ್ಕೆ. ಅವರ ಮನೆಯ ಇಬ್ಬರು ಸೊಸೆಯಂದಿರು ನಮ್ಮ ಹೊಲಕ್ಕೆ. ಒಬ್ಬಳಿಗೆ ಇಬ್ಬರು ಹೇಗೆ ಎಂದು ಕೇಳಿದರೆ, ಬಿಳಿಯವರ ಒಂದು ದಿನಕ್ಕೆ ನಮ್ಮದು ಎರಡು ದಿನ ಎಂದು ನಕ್ಕರು. ರೊಟ್ಟಿ ಬಡಿದು ಬಡಿದು ನನ್ನ ತೋಳು ಬಿದ್ದುಹೋಗಿದೆ. ಇಷ್ಟು ಜನಕ್ಕೆ ರೊಟ್ಟಿ ಬಡಿಯದೆ ಎಷ್ಟು ದಿನವಾಗಿತ್ತು.

೨೯ ಜನವರಿ

ಸಂಜೆ ಅಂಗಳದಲ್ಲಿ ಇವರ ಮಂಚ ಹಾಕಿ, ಮೇಷ್ಟ್ರು, ಡೊರೊತಿ, ನಾನು ಕುಳಿತೆವು. ಜೋಳ ಕಾಯುವ ಅಟ್ಟಣಿಗೆಯ ಮೇಲಿಂದ ಹುಡುಗರು ಡಬ್ಬ ಬಡಿಯುವುದು ಕೇಳಿ ಡೊರೊತಿಗೆ ನಗು ಬಂತು. ಅವರ ತೋಟದಲ್ಲೂ ಹಕ್ಕಿಗೆ ಡಬ್ಬ ಬಡಿಯುತ್ತಾರಂತೆ. ಅಲ್ಲಿಂದ ಅವರ ಕಥೆ ಶುರುವಾಯಿತು. ಮೇಷ್ಟ್ರು ಹೇಳುತ್ತಾ ಹೋದರು. ಮರೆಯುವ ಮೊದಲು ಬರೆದಿಡುತ್ತೇನೆ.

ಜಿಮ್ ಶಾಲೆಯ ಮೇಷ್ಟ್ರಾಗಿದ್ದವರು. ಕುರಿ ಮೇಯುತ್ತಿದ್ದ ಗುಡ್ಡದ ಓರೆಯಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರಂತೆ. ಊರಿನವರು ಬಿದ್ದು ಬಿದ್ದು ನಕ್ಕರಂತೆ. ಇಂಗ್ಲೆಂಡಿನ ಚಳಿಗೆ ದ್ರಾಕ್ಷಿ ಹಣ್ಣಾಗುವುದುಂಟೇ, ವೈನೆಂದರೆ ಫ್ರಾನ್ಸಿನವರ ಕಸುಬು, ನೀನು ಟೀ ಕುಡಿ ಎಂದರಂತೆ. ಮೊದಲ ಸಲ ಕಾಯಿ ಕಚ್ಚಿದ್ದನ್ನು ಹಕ್ಕಿ ತಿಂದವು. ಇನ್ನೊಂದು ವರ್ಷ ಚಿಗುರುವ ಹೊತ್ತಿಗೆ ಹಿಮ ಬೀಳುವ ಸೂಚನೆ ಕಂಡು, ಗಂಡ ಹೆಂಡತಿ ಸಾಲು ಸಾಲಿಗೂ ದೀಪ ಹಚ್ಚಿಟ್ಟು ಬಳ್ಳಿಗಳನ್ನು ಬೆಚ್ಚಗಿಟ್ಟು ಕಾದರಂತೆ. ನಮ್ಮ ಹಸುಗೂಸಿಗೆ ಕೆಂಡದ ಮಡಕೆ ಇಡುವುದಿಲ್ಲವೇ, ಹಾಗೆ. ಕೊನೆಗೆ ಆದ ಮೊದಲ ವೈನು ಹುಣಿಸೆಹುಳಿಗಿಂತ ಹುಳಿ. ಜಿಮ್ ಆ ಚಳಿಗಾಲವೆಲ್ಲ ಮುಖ ಸಿಂಡರಿಸದೆ ಅದನ್ನೇ ಕುಡಿದರಂತೆ. ಇದನ್ನು ಹೇಳುವಾಗ ಡೊರೊತಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆಮೇಲೆ ಚೆನ್ನಾಗಿ ಬರತೊಡಗಿತು. ಹತ್ತಿರದ ಪಟ್ಟಣದ ಹೋಟೆಲಿನವನು ಒಪ್ಪಿದರೂ ಇಂಗ್ಲಿಷ್ ವೈನು ಎಂಬ ಚೀಟಿ ಕಂಡರೆ ಯಾರೂ ಮುಟ್ಟುವುದಿಲ್ಲವೆಂದು ಬಾಟಲಿಗೆ ಬಟ್ಟೆ ಸುತ್ತಿ ಬಡಿಸುತ್ತಿದ್ದನಂತೆ. ಕುಡಿದವರು ಭೇಷ್ ಎಂದ ಮೇಲೆ ಬಟ್ಟೆ ಬಿಚ್ಚುವುದು. ಈಗ ಬಟ್ಟೆ ಬೇಕಿಲ್ಲ. ಆ ಸೀಮೆಯಲ್ಲಿ ವರ್ಷ ವರ್ಷ ಹೊಸ ತೋಟ ಏಳುತ್ತಿವೆ. ಹೊಸಬರು ಬಳ್ಳಿ ನೆಡುವುದು ಹೇಗೆಂದು ಕೇಳಲು ಜಿಮ್ ಹತ್ತಿರ ಬರುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಒಬ್ಬರ ವೈನು ಒಬ್ಬರು ರುಚಿ ನೋಡಿ ಹಬ್ಬ ಮಾಡುತ್ತಾರಂತೆ. ನಕ್ಕ ಊರಿನವರೇ ಈಗ ಕೊಯ್ಲಿಗೆ ಬಂದು ಉದ್ದನೆಯ ಮೇಜಿನ ಮೇಲೆ ಒಟ್ಟಿಗೆ ಉಣ್ಣುತ್ತಾರಂತೆ.

ನಮ್ಮ ವೈನ್ ಶಾಪಿನ ಮುಂದೆ ಬಿದ್ದಿರುವವರನ್ನು ಬಿಟ್ಟರೆ ನನಗೆ ವೈನಿನ ಬೇರೆ ಪರಿಚಯವಿಲ್ಲ. ಇಷ್ಟು ಕಷ್ಟಪಟ್ಟು ಬೆಳೆದ ಮೇಲೆ ಬರೀ ಕುಡಿಯುವುದಕ್ಕೇನು ಎಂದು ಕೇಳಿಸಿದೆ. ಕೊಯ್ಯುವುದಕ್ಕೆ ಎಂದರು ಡೊರೊತಿ. ಅರ್ಥವಾಯಿತು ಎನ್ನಲಾರೆ. ಇವರು ಮಾತ್ರ ಎಡಗೈಯಿಂದ ಮಂಚ ತಟ್ಟಿದರು.

ಇವರು ಮಲಗಿದ ಮೇಲೆ ಡೊರೊತಿ ಇನ್ನೊಂದು ವಿಷಯ ಹೇಳಿದರು. ಗುಡ್ಡವನ್ನು ಕೊಳ್ಳಲು ಒಬ್ಬರು ಕೇಳಿದ್ದಾರೆ. ಬಳ್ಳಿ ಕಿತ್ತು ಕುದುರೆ ಬಿಡುತ್ತಾರಂತೆ. ಒಬ್ಬಳೇ ಹೇಗೆ ನಡೆಸಲಿ, ಯಾರನ್ನು ಎಷ್ಟು ಸಲ ಕರೆಯಲಿ ಎಂದರು. ಕರೆಯಿರಿ ಎಂದು ಹೇಳುವ ಯೋಗ್ಯತೆ ನನಗೆಲ್ಲಿದೆ.

೨ ಫೆಬ್ರವರಿ

ತೆನೆ ಮುರಿಯುವುದು ಮುಗಿಯಿತು. ದೇವರು ದೊಡ್ಡವನು. ಒಂದು ತೆನೆಯೂ ನೆಲಕ್ಕೆ ಹೋಗಲಿಲ್ಲ. ಮೈ ಎಲ್ಲ ನೋವು. ಡೊರೊತಿಗೆ ಜ್ವರ ಬಂದಂತಿತ್ತು. ಒಲೆ ಮುಂದೆ ಬೆಚ್ಚಗೆ ಕೂರಿಸಿ ಮೆಣಸಿನ ಸಾರು ಕುಡಿಸಿದೆ.

೫ ಫೆಬ್ರವರಿ

ಡೊರೊತಿ ರೊಟ್ಟಿ ಬಡಿದಳು. ಒಂದೂ ದುಂಡಗಾಗಲಿಲ್ಲ. ಇವರಿಗೆ ಅದನ್ನೇ ಹಾಕಿದೆ, ಎಡಗೈಯಲ್ಲಿ ಮುರಿದುಕೊಂಡು ತಿಂದರು. ನಾವಿಬ್ಬರೂ ಉಳಿದದ್ದನ್ನು ಒಂದೇ ತಟ್ಟೆಯಲ್ಲಿ ಹಂಚಿಕೊಂಡೆವು, ತಟ್ಟೆ ತೊಳೆಯುವ ಕೆಲಸ ಕಡಿಮೆ.

೯ ಫೆಬ್ರವರಿ

ರಾಶಿ ಆಯಿತು. ಏನೆಂದು ಬರೆಯಲಿ, ಹೇಗೆ ಬರೆಯಲಿ.

ಚೌಡಮ್ಮನ ಗಂಡ ದುರುಗಪ್ಪ, ಷಣ್ಮುಖಪ್ಪನವರ ಮಕ್ಕಳು ಸೇರಿ ಇವರನ್ನು ಮಂಚದ ಸಮೇತ ಕಣಕ್ಕೆ ಹೊತ್ತುತಂದರು. ತೂರಿದ ಜೋಳ ಬಿಸಿಲಿಗೆ ಹೊಳೆಯುತ್ತಿತ್ತು. ಪೂಜೆ ಮಾಡಿ, ದುಡಿದವರಿಗೆಲ್ಲ ಮೊರದಲ್ಲಿ ಪಾಲು ಕೊಟ್ಟೆ. ಡೊರೊತಿ ಮಂಡಿಯೂರಿ ಮಡಿಲೊಡ್ಡಿದಳು, ಚೌಡಮ್ಮ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ. ಆಗ ನನಗೆ ತಡೆಯಲಾಗಲಿಲ್ಲ. ಅವಳು ನಮ್ಮ ಪಾಲು ತೆಗೆದುಕೊಂಡಳು, ಅವಳ ಪಾಲು ನಮ್ಮ ಕೊಟ್ಟಿಗೆಯಲ್ಲಿ ಧೂಳು ಹಿಡಿಯುತ್ತಿದೆ. ಹೋಗಿ ಬಾಟಲಿ ತಂದು, ಕಣದ ಪೂಜೆಯ ಗೆರೆಯ ಹೊರಗೆ ಹಾಕಿಸಿದ್ದ ಇವರ ಮಂಚದ ಮೇಲಿಟ್ಟೆ. ಕುಡಿಯುವ ಹಾಗಿಲ್ಲ, ಮೂಸಿ ನೋಡಲಿ ಎಂದೆ.

ಡೊರೊತಿ ಬಿರಡೆ ತೆಗೆದಳು. ಬ್ರಾಂದಿಯ ನಾತವಿಲ್ಲ. ಎಳೆ ನಿಂಬೆಯ ಸಿಪ್ಪೆ, ಆಗಷ್ಟೇ ಕೊಯ್ದ ಹಸಿ ಹುಲ್ಲು, ಅಂಥದ್ದೇನೋ ಒಂದು ವಾಸನೆ. ಇವರ ಮೂಗಿನ ಹತ್ತಿರ ಹಿಡಿದಳು. ಇವರು ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ಬಿಟ್ಟು ಕಣದಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ಹುಡುಕಿದರು. ತುಟಿ ಸೊಟ್ಟಗಾಗಿ ಅದುರಿತು.

"ಜಿಮ್," ಎಂದರು.

ಮೂರು ತಿಂಗಳಾದ ಮೇಲೆ ಬಂದ ಮೊದಲ ಮಾತು. ನನ್ನ ಹೆಸರೇ ಮೊದಲು ಬರುತ್ತದೆಂದು ಕಾದಿದ್ದೆ, ಇರಲಿ. ಡೊರೊತಿ ನನ್ನ ಮುಖ ನೋಡಿದಳು. ಸುಳ್ಳು ಹೇಳಲಾರೆ ಎಂದವಳು ಇಷ್ಟು ದಿನ ನನಗಾಗಿ ಸುಮ್ಮನಿದ್ದಳು. ಡಾಕ್ಟರ ಮಾತು ನೆನಪಿತ್ತು. ಆದರೂ ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ಜಿಮ್ ಹೋದ್ರು ಕಣ್ರೀ," ಎಂದೆ. "ನಿಮಗೆ ಕಾಯಿಲೆ ಬರೋಕೆ ಮುಂಚೇನೇ. ಅವ್ರ ಮುಯ್ಯಿ ತೀರಿಸಾಕೆ ಅಂತ್ಲೇ ಇವ್ಳು ಬಂದಿರೋದು. ಈ ರಾಶಿ ಅವ್ರದ್ದೇ ಅನ್ಕಳ್ರಿ."

ಇವರ ಎಡಗಣ್ಣಿನಿಂದ, ಬಲಗಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಏನಾಗುತ್ತದೋ ಎಂದು ನಾನು ಇವರ ಎದೆಯ ಮೇಲೆ ಕೈಯಿಟ್ಟೇ ಇದ್ದೆ. ಏನೂ ಆಗಲಿಲ್ಲ. ಎಡಗೈ ಚಾಚಿ ಡೊರೊತಿಯ ತಲೆಯ ಮೇಲಿಟ್ಟರು. ಅವಳು ಗಂಡನನ್ನು ಕಳೆದುಕೊಂಡ ಮೇಲೆ ಅತ್ತದ್ದು ಅದೇ ಮೊದಲೇನೋ, ಕಣವೆಲ್ಲ ಕೇಳುವ ಹಾಗೆ ಅತ್ತಳು. ಚೌಡಮ್ಮನೂ ಅತ್ತಳು, ಅವಳು ಜಿಮ್‌ನನ್ನು ಕಂಡವಳೇ ಅಲ್ಲ.

ಆಮೇಲೆ ಇವರು ಬಾಟಲಿಯ ಬಾಯಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು ಎಂದು ದುರುಗಪ್ಪ ಹೇಳುತ್ತಾನೆ. ಡೈರಿಯಲ್ಲಿ ಸುಳ್ಳು ಬರೆಯಬಾರದು. ಆ ಹೊತ್ತಿಗೆ ಸರಿಯಾಗಿ ನಾನು ಎತ್ತುಗಳ ಕಡೆ ನೋಡುತ್ತಿದ್ದೆ, ಹಾಗಾಗಿ ನನಗೆ ಗೊತ್ತಿಲ್ಲ, ದುರುಗಪ್ಪನಿಗೂ ಅದನ್ನೇ ಹೇಳಿದೆ.

ಶಿವನೇ, ನಿನಗೆ ಎಷ್ಟು ಕೈಮುಗಿದರೂ ಕಡಿಮೆ.

೧೩ ಫೆಬ್ರವರಿ

ಡೊರೊತಿ ತನ್ನ ಊರಿಗೆ ಹೊರಟುಹೋದಳು. ಹಿಂದಿನ ದಿನ ನಡೆದದ್ದನ್ನು ಬರೆಯಬೇಕು. ಗುಡ್ಡ ಮಾರುವುದಿಲ್ಲ, ಹೋದ ಕೂಡಲೇ ಬಳ್ಳಿ ಸವರುತ್ತೇನೆ, ಊರಿನವರನ್ನು ಕರೆಯುತ್ತೇನೆ, ತೀರಿಸುವುದು ಹೇಗೆಂದು ಆಮೇಲೆ ನೋಡೋಣ ಎಂದಳು. ಅಷ್ಟರಲ್ಲಿ ಇವರು ನನ್ನ ಕಡೆ ಬೆರಳು ತೋರಿಸಿ, "ಹೋಗು," ಎಂದರು.

ಎರಡನೆಯ ಮಾತು ಇದು. ನಾನು ಆಚೆ ಹೋಗು ಎಂದರೆಂದುಕೊಂಡು ಮುಖ ಊದಿಸಿಕೊಂಡು ಹಿತ್ತಲಿಗೆ ಹೋದೆ. ಸಂಜೆ ಮೇಷ್ಟ್ರೇ ಬಿಡಿಸಿ ಹೇಳಬೇಕಾಯಿತು. ಜಿಮ್ ಮಾಡಿದ್ದ ಸಾಲ ಒಬ್ಬ ಆಳಿನದು. ಡೊರೊತಿ ನಮ್ಮ ಹೊಲದಲ್ಲಿ ದುಡಿದದ್ದಕ್ಕೆ ಅದು ತೀರಿತು, ಊರವರ ಹೊಲಗಳಲ್ಲಿ ದುಡಿದು ನಮಗೆ ಆಳು ತಂದದ್ದು ಬೇರೆ. ಅದು ನಮ್ಮ ಮೇಲಿದೆ. ದ್ರಾಕ್ಷಿ ಕೊಯ್ಲಿಗೆ ನಾನು ಹೋಗಬೇಕಂತೆ.

ನಾನು ತುಂಗಭದ್ರೆ ದಾಟಿದ್ದೇ ಬೆರಳೆಣಿಕೆಯ ಸಲ. ಲಕ್ವ ತಲೆಗೂ ಏರಿದೆ ನಿಮಗೆ ಎಂದೆ. ಡೊರೊತಿ ಮಾತ್ರ ನಗಲಿಲ್ಲ. ಬರುತ್ತೀಯಾ ಎಂದು ಕನ್ನಡದಲ್ಲೇ ಕೇಳಿದಳು.

೧೪ ಜೂನ್

ಬಹಳ ದಿನ ಬರೆದಿಲ್ಲ, ಬರೆಯುವಂಥ ಕಷ್ಟವಿರಲಿಲ್ಲ. ಇವರು ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗುತ್ತಾರೆ. ಮಾತು ಒಂದೊಂದೇ ಬರುತ್ತಿದೆ. ನನ್ನ ಹೆಸರೂ ಬಂತು, ಅದರ ಹಿಂದೆಯೇ ಉಪ್ಪು ಕಡಿಮೆ ಎನ್ನುವುದೂ ಬಂತು. ಮಗಳು ಕೂಸನ್ನು ಕರೆತಂದು ತೋರಿಸಿ ಹೋದಳು.

ಡೊರೊತಿಯ ತೋಟ ಚಿಗುರಿ ಹೂವಿಗೆ ಬಂದಿದೆಯಂತೆ, ಬೆನಕಪ್ಪ ಹೇಳಿದ. ಟಿಕೀಟು ಅವನದು, ಅಣ್ಣನ ಮಾತು ತೆಗೆದುಹಾಕಲಾರೆ ಎನ್ನುತ್ತಾನೆ. ದಾವಣಗೆರೆಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದೆ. ಕಳ್ಳಿಯ ಹಾಗೆ ಬಂದಿದ್ದೇನೆ. ಹೋಗುತ್ತೇನೆ ಎಂದು ನಾನು ಯಾರಿಗೂ ಹೇಳಿಲ್ಲ, ಆದರೂ ಊರೆಲ್ಲ ಚಳಿಗೆ ಸ್ವೆಟರ್ ತಗೋ ಎನ್ನುತ್ತಿದೆ.

೨೭ ಸೆಪ್ಟೆಂಬರ್, ಶುಕ್ರವಾರ

ಬಸ್ಸಿಗೆ ಇನ್ನೂ ಹೊತ್ತಿದೆ. ಪೆಟ್ಟಿಗೆ ಕಟ್ಟಿದ್ದೇನೆ. ರೊಟ್ಟಿ, ಗುರೆಳ್ಳು ಪುಡಿ, ಲಿಂಗಪೂಜೆಯ ಸಾಮಾನು. ಕೊಯ್ಯುತ್ತೇನೆ, ಕುಡಿಯುವುದಿಲ್ಲ ಎಂದು ಮೊದಲೇ ತಿಳಿಸಿದ್ದೇನೆ. ನಿನ್ನ ಪಾಲಿನ ಬಾಟಲಿ ಎತ್ತಿಡುತ್ತೇನೆ, ಬೇಕಾದರೆ ಎತ್ತುಗಳ ಕಡೆ ನೋಡು ಎಂದು ಡೊರೊತಿ ಹೇಳಿಕಳಿಸಿದ್ದಾಳೆ. ದುರುಗಪ್ಪ ಅವಳಿಗೂ ಹೇಳಿದ್ದಾನೆ ಎಂದಾಯಿತು.

ಇವರ ಊಟ, ಸ್ನಾನ, ಎಣ್ಣೆ ತಿಕ್ಕುವುದು ಎಲ್ಲ ಚೌಡಮ್ಮನ ಮನೆಯವರದು. ನಾನು ಕೇಳಲಿಲ್ಲ. ಮೊನ್ನೆ ಅವರಾಗಿಯೇ ಬಂದು ಕೀಲಿ ಇಸಕೊಂಡರು. ಈಗ ಚೌಡಮ್ಮ ಪೆಟ್ಟಿಗೆ ಹೊರಲು ಬಂದು ಹೊಸ್ತಿಲಲ್ಲಿ ಕೂತಿದ್ದಾಳೆ. ಏನು ಬರೀತೀರಿ ಎಂದಳು. ಏನಿ‍ಲ್ಲ ಎಂದೆ. ಇಷ್ಟೆಲ್ಲ ಮಾಡುತ್ತಿದ್ದೀಯಲ್ಲ, ನಾನು ಇದನ್ನು ನಿನಗೆ ಹೇಗೆ ತೀರಿಸಲಿ ಚೌಡಮ್ಮ ಎಂದು ಕೇಳಿದೆ.

ಅವಳು ಸೆರಗನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು.

"ತೀರಿಸಬ್ಯಾಡ್ರಿ ರುದ್ರಾಣಕ್ಕ," ಎಂದಳು. "ತೀರಿಸಿಬಿಟ್ರೆ ಆಮ್ಯಾಲೆ ನಿಮ್ಮ ಮನಿಗೆ ಬರಾಕೆ ನನಗೇನು ನೆಪ ಐತೆ?"

ಆಗಲಿ ಎಂದೆ. ಪೆಟ್ಟಿಗೆಯ ಒಂದು ಕಡೆ ನಾನು ಹಿಡಿಯಲು ಹೋದೆ, ಅವಳು ಬಿಡಲಿಲ್ಲ. ಸರಿ, ಹೊರಲಿ.